ಸೈಕಲ್ ಯಾತ್ರೆಗೆ ಬೆಂಗಾವಲು ಯಾರು?

ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಕೈಗೆ ಬರುವ ನಡುವಿನ ನಾಲ್ಕಾರು ದಿನಗಳ ಬಿಡುವಿನಲ್ಲಿ ಸೈಕಲ್ ಯಾತ್ರೆ ಹೊರಡಬೇಕೆಂದು ನಮ್ಮ ಗೆಳೆಯರ ಬಳಗ ಯೋಚಿಸುತ್ತಿದೆ. ಹಾಸನದಿಂದ ಗೊರೂರು, ಅರಕಲಗೂಡು, ರಾಮನಾಥಪುರ, ಹೊಳೆನರಸೀಪುರ, ಚನ್ನರಾಯಪಟ್ಟಣಗಳನ್ನು ಸುತ್ತಿ ನಾಲ್ಕನೆಯ ದಿನ ಮರಳಿ ಹಾಸನ ಸೇರುವುದೆಂದು ನಿಶ್ಚಯವಾಗಿದೆ. ದಾರಿಯ ಬಗ್ಗೆ ಯಾರದೂ ತಕರಾರಿಲ್ಲ. ತಕರಾರಿರುವುದು ಹಿಂದೆ ಬರಬೇಕಾದ ವಾಹನದ ಬಗ್ಗೆ.

ಎರಡು ಜೀಪು ಬೇಕೆಂಬುದು ಕೆಲವು ಕಿರಿಯ ಮಿತ್ರರ ಅಭಿಪ್ರಾಯ. ಒಂದರಲ್ಲಿ ಗಂಟುಮೂಟೆ ಮತ್ತು ರಿಪೇರಿ ಸಾಮಾನು, ಇನ್ನೊಂದರಲ್ಲಿ ನೀರಿನ ಬಾಟಲಿ, ಬಿಸ್ಕತ್ತು, ಊಟದ ಪೊಟ್ಟಣ. ದೂರದ ಸವಾರಿಗಳಲ್ಲಿ ಇದು ಹೊಸತೇನಲ್ಲ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ನಂತಹ ಯಾತ್ರೆಗಳಲ್ಲಿ ದಿನಕ್ಕೆ ಸುಮಾರು ನೂರು ಕಿಲೋಮೀಟರು ಘಟ್ಟ ಹತ್ತಿ ಇಳಿಯುವವರಿಗೆ ಅಂತಹ ಬೆಂಗಾವಲು ಅನಿವಾರ್ಯ. ಆದರೆ ನಮ್ಮ ಯಾತ್ರೆಯ ಉದ್ದೇಶವೇ ಬೇರೆ.

ಹಿಂದೊಮ್ಮೆ ಇದೇ ಭಾಗದಲ್ಲಿ ವಾಹನ ಸಮೇತ ಹೋಗಿದ್ದಾಗಿನ ಒಂದು ಸಂಗತಿ ನನ್ನನ್ನು ಈಗಲೂ ಚುಚ್ಚುತ್ತದೆ. ರಸ್ತೆಯಂಚಿನಲ್ಲಿ ರಾಗಿ ತೂರುತ್ತಿದ್ದ ಅಜ್ಜಿಯೊಬ್ಬರು ಮೊರ ಕೆಳಗಿಟ್ಟು, “ಯಾವೂರ್ನೋರಪ್ಪಾ? ಮಜ್ಜಿಗೆ ಕುಡೀತೀರಾ?” ಎಂದು ಕೇಳಿದರು. ನಾನು ಪೆಡಲ್ ತುಳಿಯುತ್ತಲೇ, “ಬೇಡ ಅಜ್ಜಿ, ಎಲ್ಲಾ ಗಾಡೀಲಿದೆ” ಎಂದೆ. ಆ ರಾತ್ರಿ ಲೆಕ್ಕ ಹಾಕಿದಾಗ ನಮ್ಮ ಬಳಿ ಎರಡು ಚೀಲ ಖಾಲಿ ಬಾಟಲಿಗಳಿದ್ದವು. ದಿನವಿಡೀ ಒಬ್ಬನೇ ಒಬ್ಬ ರೈತನೊಡನೆ ನಾವು ಮಾತನಾಡಿರಲಿಲ್ಲ.

ಈ ಮಾತುಕತೆ ಏಕಿಷ್ಟು ಮುಖ್ಯ? ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ ಸಕಲೇಶಪುರವನ್ನು ಹಾದು ಬರುವ ಹೇಮಾವತಿ, ಗೊರೂರಿನ ಅಣೆಕಟ್ಟೆಯಲ್ಲಿ ಸುಮಾರು 37 ಟಿ.ಎಂ.ಸಿ. ನೀರಾಗಿ ನಿಲ್ಲುತ್ತದೆ. ಅಲ್ಲಿಂದ ಕೆಳಕ್ಕೆ ಅದು ಯಾರ ಗದ್ದೆಗೆ ಹರಿಯುತ್ತದೆ, ಯಾರ ಕೆರೆಗೆ ಹರಿಯುವುದಿಲ್ಲ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ? 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಈ ಹತ್ತು ವರ್ಷಗಳಲ್ಲಿ ನಾವು ಕಾಡಿನ ಪರವಾಗಿ ಆಡಿದ ಮಾತುಗಳು ಬಯಲಿನ ಕಿವಿಗೆ ‘ನೀರು ಕೊಡಲೊಲ್ಲದವರ ಮಾತು’ ಎಂದೇ ಕೇಳಿಸಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದ ಮೂಲಕ ಹೇಮಾವತಿ ತುಮಕೂರಿನತ್ತ ಹರಿಯುತ್ತದೆ. ಸುರಂಗ ಕೊರೆದ ಮೇಲೆ ತಮ್ಮ ಅಂತರ್ಜಲ ಬತ್ತಿತೆಂದು ಅಲ್ಲಿನ ರೈತರು ಪರಿಹಾರಕ್ಕಾಗಿ ಬಹುಕಾಲ ಹೋರಾಡಿದ್ದಾರೆ. ಅವರ ನೋವಿಗೂ ನಮ್ಮ ನೋವಿಗೂ ಹತ್ತಿರದ ನೆಂಟಸ್ತನವಿದೆ. ಅದನ್ನು ಕರಪತ್ರದಿಂದ ತಿಳಿಸಲಾಗದು; ಜಗುಲಿಯ ಮೇಲೆ ಕುಳಿತೇ ತಿಳಿಯಬೇಕು.

ದಾರಿಯುದ್ದಕ್ಕೂ ಕಲಿಯಬೇಕಾದುದು ಬಹಳವಿದೆ. ಹಾಸನದ ಸುತ್ತಲಿನ ಆಲೂಗಡ್ಡೆ ಬೆಳೆಗಾರರು ಬಿತ್ತನೆ ಗೆಡ್ಡೆಗಾಗಿ ಇಂದಿಗೂ ದೂರದ ಪಂಜಾಬಿನ ಜಲಂಧರವನ್ನು ನೆಚ್ಚಿದ್ದಾರೆ. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ದೂಡಿದ ಅದೇ ಅಂಗಮಾರಿ ರೋಗ ಇಲ್ಲಿಯೂ ಹೊಲಗಳನ್ನು ಸುಟ್ಟಿದೆ. ಸೋತ ಅನೇಕರು ಜೋಳಕ್ಕೂ ಶುಂಠಿಗೂ ಹೊರಳಿದ್ದಾರೆ. ರಾಮನಾಥಪುರದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗಳ ಪಕ್ಕದಲ್ಲಿ ಪೇರಿಸಿದ ಸೌದೆಯನ್ನು ಕಂಡು ಮೂಗು ಮುರಿಯುವುದು ಸುಲಭ. ಹರಾಜಿನಲ್ಲಿ ಖಾತರಿಯಾಗಿ ಹಣ ತರುವ ಬೇರೆ ಬೆಳೆ ಯಾವುದೆಂದು ಆ ರೈತ ಮರುಪ್ರಶ್ನೆ ಹಾಕಿದರೆ ಕೃಷಿ ವಿಜ್ಞಾನಿಯಾದ ನಾನೂ ತಡವರಿಸಬೇಕಾಗುತ್ತದೆ.

ಇನ್ನು ರಸ್ತೆಯ ಮೇಲಿನ ಒಕ್ಕಣೆ. ಜನವರಿಯಲ್ಲಿ ಈ ತಾಲ್ಲೂಕುಗಳ ಡಾಂಬರು ರಸ್ತೆಗಳಲ್ಲಿ ರಾಗಿ, ಹುರುಳಿ ಹರಡಿರುತ್ತದೆ. ಹುರುಳಿಬಳ್ಳಿ ಚೈನಿಗೆ ಸುತ್ತಿಕೊಂಡರೆ ಸವಾರ ಮುಗ್ಗರಿಸುವುದು ಖಂಡಿತ. ಆದರೆ ಸಗಣಿ ಸಾರಿಸಿದ ಕಣಗಳು ಮರೆಯಾಗಿ, ಹಂತಿ ಕಟ್ಟುವ ಎತ್ತುಗಳು ಕೊಟ್ಟಿಗೆಯಿಂದ ಹೋದ ಮೇಲೆ ರಸ್ತೆಯೇ ಅವರ ಕಣವಾಗಿದೆ. ಅಲ್ಲಿ ಗಂಟೆ ಬಾರಿಸಿ ಸಿಡಿಮಿಡಿಗೊಳ್ಳುವುದು ಬೇಡ. ಇಳಿದು ನಡೆಯೋಣ, ಬೇಕಿದ್ದರೆ ಒಂದು ಗಳಿಗೆ ಕೈಜೋಡಿಸೋಣ.

ಆದುದರಿಂದ ನನ್ನ ಸಲಹೆ ಇಷ್ಟು. ವಾಹನ ಒಂದೇ ಸಾಕು. ಅದು ಸುಸ್ತಾದವರಿಗೆ, ಮುರಿದ ಸೈಕಲ್ಲಿಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಮೀಸಲಿರಲಿ. ನೀರು, ಊಟ ಹೊರುವುದು ಬೇಡ. ಪ್ರತಿಯೊಬ್ಬರೂ ಎರಡು ಬಾಟಲಿ ಇಟ್ಟುಕೊಂಡು ಊರೂರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಬಹುದು. ಚನ್ನರಾಯಪಟ್ಟಣದ ಕಡೆ ಎಳನೀರಿಗೇನೂ ಬರವಿಲ್ಲ. ಊಟಕ್ಕೆ ವಾರ ಮೊದಲೇ ಹಳ್ಳಿಯ ಸ್ತ್ರೀಶಕ್ತಿ ಸಂಘಗಳಿಗೆ ತಿಳಿಸಿ, ನ್ಯಾಯವಾದ ಬೆಲೆ ಕೊಟ್ಟು, ಮುದ್ದೆ ಮತ್ತು ಅವರೆಕಾಳು ಸಾರು ಉಣ್ಣೋಣ. ಪಂಪು, ಟ್ಯೂಬು, ಪಂಕ್ಚರ್ ಸಾಮಾನು ನಮ್ಮಲ್ಲೇ ಇರಲಿ. ಕೇಳದೆ ಯಾರ ಶುಂಠಿ ಹೊಲಕ್ಕೂ ಇಳಿಯಬಾರದು; ಗೆಡ್ಡೆ ಕೊಳೆಸುವ ರೋಗ ಟೈರಿಗೆ, ಚಪ್ಪಲಿಗೆ ಅಂಟಿದ ಮಣ್ಣಿನೊಡನೆ ಮುಂದಿನ ಹೊಲ ಸೇರಬಲ್ಲದು.

ಸುರಕ್ಷತೆಯ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚನ್ನರಾಯಪಟ್ಟಣದಿಂದ ಶಾಂತಿಗ್ರಾಮದ ಮೇಲೆ ಹಾಸನಕ್ಕೆ ಬರುವ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ವೇಗ ಭಯ ಹುಟ್ಟಿಸುವಂಥದು. ಅಲ್ಲಿ ವಾಹನ ದೀಪ ಮಿನುಗಿಸುತ್ತ ಬೆನ್ನ ಹಿಂದೆಯೇ ಬರಬೇಕು, ಎಲ್ಲರೂ ಒಂದೇ ಸಾಲಿನಲ್ಲಿ ಸಾಗಬೇಕು. ಕತ್ತಲಾದ ಮೇಲೆ ಸವಾರಿ ಕೂಡದು.

ವಿದ್ಯಾರ್ಥಿ ಮಿತ್ರರಲ್ಲಿ ಇನ್ನೊಂದು ಮಾತು. ಗೇರಿರುವ ದುಬಾರಿ ಸೈಕಲ್ಲಿಲ್ಲವೆಂದು ಯಾರೂ ಹಿಂಜರಿಯಬೇಡಿ. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ನೀಡಲು ಸರ್ಕಾರ 2006–07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬಂದ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಿಲಲ್ಲಿ ಒರಗಿ ನಿಂತಿವೆ. ಬ್ರೇಕು ಸರಿಪಡಿಸಿ, ಚೈನಿಗೆ ಎಣ್ಣೆ ಬಿಟ್ಟು ತನ್ನಿ. ಎಲ್ಲರಿಗಿಂತ ನಿಧಾನವಾದ ಸೈಕಲ್ಲೇ ಸಾಲಿನ ಮುಂದೆ ಹೋಗಲಿ. ಯಾತ್ರೆಯ ವೇಗವನ್ನು ಅದು ನಿರ್ಧರಿಸಲಿ. ಈ ಬಾರಿ ಯಾರಾದರೂ ಮಜ್ಜಿಗೆ ಕುಡಿಯುತ್ತೀರಾ ಎಂದು ಕೇಳಿದರೆ, ಸ್ಟ್ಯಾಂಡು ಹಾಕಿ ಇಳಿಯೋಣ.