ಹುಲ್ಲಿಗೂ ಗೇಣಿ ಸಲ್ಲಲಿ

1898ರ ಪ್ಲೇಗ್ ಹಾವಳಿಯ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದಾಗ ಬೆಂಗಳೂರಿಗೆ ಕೊಳಾಯಿ ನೀರು ಬರುತ್ತಿದ್ದುದು ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಹೆಸರಘಟ್ಟ ಕೆರೆಯಿಂದ. ಮುಂದೆ ತಿಪ್ಪಗೊಂಡನಹಳ್ಳಿ ಬಂತು, 1974ರಲ್ಲಿ ಕಾವೇರಿಯೂ ಬಂತು. ಹೆಸರಘಟ್ಟವನ್ನು ನಾವು ಮರೆತೆವು.

ಆ ಕೆರೆಯ ಆಸುಪಾಸಿನಲ್ಲಿ ಐದು ಸಾವಿರ ಎಕರೆಯಷ್ಟು ಹುಲ್ಲುಗಾವಲು ಇನ್ನೂ ಉಳಿದಿದೆ. ಚಳಿಗಾಲದಲ್ಲಿ ದೂರದೇಶಗಳಿಂದ ಹ್ಯಾರಿಯರ್ ಹಕ್ಕಿಗಳು ಬಂದು ಇಲ್ಲಿ ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಅಳಿವಿನಂಚಿನಲ್ಲಿರುವ ಲೆಸ್ಸರ್ ಫ್ಲೋರಿಕನ್ ಕೂಡ ಇಲ್ಲಿ ಕಾಣಿಸಿಕೊಂಡಿದ್ದುಂಟು. ಇದನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವವನ್ನು 2021ರಲ್ಲಿ ತಿರಸ್ಕರಿಸಿದ್ದ ರಾಜ್ಯ ವನ್ಯಜೀವಿ ಮಂಡಳಿ, 2022ರಲ್ಲಿ ಒಪ್ಪಿಕೊಂಡಿತು. ಸ್ವಾಗತಾರ್ಹವೇ. ಆದರೆ ಕಾನೂನಿನ ಪ್ರಕಾರ ಇಂಥ ಮೀಸಲು ಸರ್ಕಾರಿ ಜಮೀನಿಗಷ್ಟೇ ಅನ್ವಯ. ಹಕ್ಕಿಗಾಗಲಿ ಮಳೆನೀರಿಗಾಗಲಿ ಸರ್ವೆ ಕಲ್ಲು ತಿಳಿಯದು.

ಸುತ್ತಲಿನ ಹಳ್ಳಿಗಳಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ನೀಲಗಿರಿ ತೋಪುಗಳಾದವು. ಕೂಲಿಯವರು ಸಿಗದು, ಮಳೆಯ ಭರವಸೆಯಿಲ್ಲ, ರೈತನನ್ನು ದೂರಲಾಗದು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ನೀಲಗಿರಿ ಕಿತ್ತ ಹೊಲದಲ್ಲಿ ಮುಂದೇನು? ಉತ್ತರ ಬರುವುದು ಬಹುಮಟ್ಟಿಗೆ ಲೇಔಟ್ ಮಾಡುವವರಿಂದ.

ಅಮೆರಿಕದಲ್ಲಿ 1985ರಿಂದ ಒಂದು ಯೋಜನೆಯಿದೆ. ಸವಕಳಿಗೊಂಡ ಹೊಲದ ಉಳುಮೆ ನಿಲ್ಲಿಸಿ ಹುಲ್ಲು ಬೆಳೆಸಲು ಒಪ್ಪುವ ರೈತನಿಗೆ ಸರ್ಕಾರ 10ರಿಂದ 15 ವರ್ಷಗಳ ಕರಾರಿನ ಮೇಲೆ ವರ್ಷವರ್ಷವೂ ಬಾಡಿಗೆ ಕೊಡುತ್ತದೆ. ಜಮೀನು ರೈತನದಾಗಿಯೇ ಉಳಿಯುತ್ತದೆ. ಅರ್ಕಾವತಿ ಜಲಾನಯನಕ್ಕೆ ಇಂಥದೊಂದು ಗೇಣಿ ಪದ್ಧತಿ ಏಕೆ ಸಾಧ್ಯವಿಲ್ಲ? ಹಣದ ಪ್ರಶ್ನೆ ಏಳುತ್ತದೆ, ನಿಜ. ನಮ್ಮ ನೀರಿನ ಬಿಲ್ಲಿನಲ್ಲಿ ಸಣ್ಣದೊಂದು ಸೆಸ್ ಸೇರಲಿ ಎಂಬುದು ನನ್ನ ಅಭಿಪ್ರಾಯ. ನಗರದವರಿಗೆ ಇದು ಹಿಡಿಸಲಿಕ್ಕಿಲ್ಲ.

ಇನ್ನೊಂದು ಅಪಾಯ ನಮ್ಮ ಸದುದ್ದೇಶದಲ್ಲೇ ಇದೆ. ಬಯಲು ಕಂಡೊಡನೆ ಸಸಿ ನೆಡುವ ಹಂಬಲ ನಮಗೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲನ್ನು ನೀಲಗಿರಿ ಆವರಿಸಿದ್ದನ್ನು ಕಂಡವರಿಗೆ ವಿವರಿಸಬೇಕಿಲ್ಲ. ತೆರೆದ ಬಯಲಿನ ಜೀವಿಗಳಿಗೆ ಮರದ ನೆರಳು ಬೇಕಿಲ್ಲ. ಕಂದಾಯ ದಾಖಲೆಯ ‘ಬೀಳು’ ಅವುಗಳ ಮನೆ.

ಮೇವಿಗೆ ಕುತ್ತು ಬಂದೀತೆಂಬ ಹಳ್ಳಿಗರ ಆತಂಕ ಸಕಾರಣವಾದುದು. ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೆ ಕಾನೂನೇ ಸ್ಥಾನ ಕೊಟ್ಟಿದೆ. ಮೇಯಿಸುವ ಕಾಲ, ಕೊಯ್ಲಿನ ಕಾಲಗಳನ್ನು ಆ ಸಮಿತಿಯೇ ಗೊತ್ತುಪಡಿಸಲಿ. ಗೇಣಿಯ ದರವನ್ನೂ ಅಲ್ಲಿಯೇ, ರೈತರ ಎದುರಿಗೇ ಚರ್ಚಿಸಲಿ.