ಕರೆಂಟ್ ಕಮ್ಮಿಯಾಗಿ ಮೋಟರ್ ಸುಡುವುದಿಲ್ಲ

"ಕರೆಂಟ್ ಕಮ್ಮಿ ಬಂದು ಮೋಟರ್ ಸುಟ್ಟೋಯ್ತು ಸಾರ್." ಬೇಸಿಗೆಯಲ್ಲಿ ಯಾವ ಹಳ್ಳಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ನಾವೂ ಅದನ್ನು ಹಾಗೇ ಬರೆದುಕೊಂಡು ಬಂದು, ಹಾಗೇ ಸುದ್ದಿ ಮಾಡಿದ್ದೇವೆ. ಅಂಥದ್ದೊಂದು ಸುದ್ದಿ ಓದಿದ ಮೋಟರ್ ವೈಂಡಿಂಗ್ ಅಂಗಡಿಯವರೊಬ್ಬರು ನಮ್ಮನ್ನು ಕರೆದು, "ಕಮ್ಮಿಯಾಗಿದ್ದು ವೋಲ್ಟೇಜು. ಕರೆಂಟ್ ಜಾಸ್ತಿಯಾಗಿದ್ದಕ್ಕೇ ಅದು ಸುಟ್ಟಿದ್ದು. ಉಲ್ಟಾ ಬರ್ದಿದೀರಲ್ಲ" ಎಂದರು. ನಾಚಿಕೆಯಾಯಿತು.

ಇದು ಎಸ್ಸೆಸ್ಸೆಲ್ಸಿ ವಿಜ್ಞಾನದ ಪಾಠ. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ. ನಾಲ್ಕು ಅಂಕಕ್ಕೆ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆತೆವು. ಊರಿನಲ್ಲಿ ಕರೆಂಟ್ ಎಂದರೆ ವೋಲ್ಟೇಜೂ ಹೌದು, ಆಂಪ್ಸೂ ಹೌದು, ಬಿಲ್ಲೂ ಹೌದು. ಮಾತನಾಡುವವರಿಗೆ ಅದು ಸರಿ. ಬರೆಯುವ ನಮಗೆ ಸರಿಯಲ್ಲ ಎನ್ನುವುದು ನಮ್ಮ ತಕರಾರು.

ಬಕೆಟ್ಟಿಗೆ ಇಳಿಬಿಡುವ 1000 ವಾಟಿನ ಹೀಟರ್ ಕಾಯಿಲ್ ನೋಡಿ. 230 ವೋಲ್ಟ್ ಇದ್ದಾಗ ಅದು ಸುಮಾರು 4.35 ಆಂಪ್ಸ್ ಎಳೆಯುತ್ತದೆ. ಭಾಗಿಸಿದರೆ ರೋಧ 53 ಓಮ್. ರೋಧ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ವೋಲ್ಟೇಜ್ 160ಕ್ಕೆ ಇಳಿದರೆ 3 ಆಂಪ್ಸ್, 480 ವಾಟ್. ನೀರು ಕಾಯಲು ದುಪ್ಪಟ್ಟು ಹೊತ್ತು ಬೇಕು, ಕಾಯಿಲ್ ಮಾತ್ರ ಸುಡುವುದಿಲ್ಲ.

ಪಂಪ್‌ಸೆಟ್ ಮೋಟರ್ ಹಾಗಲ್ಲ. ಅದಕ್ಕೆ ನೀರೆತ್ತುವ ಕೆಲಸ ಒಪ್ಪಿಸಿದ್ದೇವೆ, ವೋಲ್ಟೇಜ್ ಕಮ್ಮಿ ಎಂದು ಅದು ಕೈ ಬಿಡುವುದಿಲ್ಲ. 5 ಎಚ್‌ಪಿ ಎಂದರೆ 3730 ವಾಟ್. ಒಳಗಿನ ನಷ್ಟ, ಪವರ್ ಫ್ಯಾಕ್ಟರ್ ಎಲ್ಲ ಹಿಡಿದರೆ 415 ವೋಲ್ಟಿನ ಮೂರು ಫೇಸಿನಲ್ಲಿ ಸುಮಾರು 8 ಆಂಪ್ಸ್. ವೋಲ್ಟೇಜ್ 300ಕ್ಕೆ ಬಿದ್ದರೆ ಅದೇ ಕೆಲಸಕ್ಕೆ 11 ಆಂಪ್ಸ್ ಎಳೆಯುತ್ತದೆ. ವೈಂಡಿಂಗಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ ಟ್ರಿಪ್ ಆಗುವುದು ಇದಕ್ಕೇ. ನೀರು ಬೇಕೆಂಬ ಅವಸರಕ್ಕೆ ಅದಕ್ಕೆ ಕಡ್ಡಿ ಸಿಕ್ಕಿಸುತ್ತೇವೆ. ಆಮೇಲೆ ವೈಂಡಿಂಗ್ ಅಂಗಡಿ.

ಹಾಗಾದರೆ ವೋಲ್ಟೇಜ್ ಬಿದ್ದಿದ್ದು ಯಾಕೆ? ನಮ್ಮ ಸುದ್ದಿಗಳು ಇಲ್ಲಿಗೆ ಬರುವುದೇ ಇಲ್ಲ. "ಟಿಸಿ ಸುಟ್ಟು ರೈತರ ಪರದಾಟ" ಎಂದು ಶೀರ್ಷಿಕೆ ಹಾಕಿ, ಕಂಬದ ಕೆಳಗೆ ನಿಂತವರ ಫೋಟೊ ಹಾಕಿ ಮುಗಿಸುತ್ತೇವೆ. ಟಿಸಿ ಮೇಲೆ 25 ಕೆವಿಎ ಎಂದು ಬರೆದಿರುತ್ತದೆ. 25,000ವನ್ನು 415ರಿಂದಲೂ ಮೂರು ಫೇಸಿನ ಲೆಕ್ಕವಾದ 1.73ರಿಂದಲೂ ಭಾಗಿಸಿ: ಸುಮಾರು 35 ಆಂಪ್ಸ್. ಅಂದರೆ 5 ಎಚ್‌ಪಿಯ ನಾಲ್ಕು ಮೋಟರ್, ಅಷ್ಟೇ. ಐದನೆಯದು ಸೇರಿದರೆ 40 ಆಂಪ್ಸ್, ಮಿತಿ ದಾಟಿತು. ಸಾಲದ್ದಕ್ಕೆ ಎಲ್ಲರದ್ದೂ ಆಟೊ ಸ್ಟಾರ್ಟರ್. ತ್ರೀ ಫೇಸ್ ಬಂದ ಕ್ಷಣವೇ ಎಲ್ಲ ಮೋಟರೂ ಒಟ್ಟಿಗೆ ಏಳುತ್ತವೆ. ನೇರ ಸ್ಟಾರ್ಟರ್ ಆಗಿದ್ದರೆ ಏಳುವಾಗ ಒಂದೊಂದೂ ಐದಾರು ಪಟ್ಟು ಎಳೆಯುತ್ತದೆ.

ತಂತಿಯದ್ದೂ ಒಂದು ಲೆಕ್ಕವಿದೆ. ತೆಳು ಅಲ್ಯುಮಿನಿಯಂ ತಂತಿಗೆ ಕಿಲೋಮೀಟರಿಗೆ ಸುಮಾರು ಒಂದು ಓಮ್ ರೋಧ ಹಿಡಿಯೋಣ. ಐದು ಮೋಟರೂ ಒಂದು ಕಿಲೋಮೀಟರ್ ಆಚೆ ಇದ್ದರೆ 40 ಆಂಪ್ಸಿಗೆ ಒಂದೊಂದು ತಂತಿಯಲ್ಲೂ 40 ವೋಲ್ಟ್ ಇಳಿಯುತ್ತದೆ. ಫೇಸಿಂದ ಫೇಸಿಗೆ ಅಳೆದರೆ 70. ಟಿಸಿ ಹತ್ತಿರ 415 ಇದ್ದದ್ದು ತುದಿಯ ತೋಟದಲ್ಲಿ 345. ಕಡಿಮೆ ಒತ್ತಡದ ಲೈನಿನಲ್ಲಿ ಶೇ. 6ಕ್ಕಿಂತ ಹೆಚ್ಚು ಏರುಪೇರು ಇರಬಾರದೆಂಬುದು ನಿಯಮ, ಎಂದರೆ 390ಕ್ಕಿಂತ ಕೆಳಗಿಳಿಯಬಾರದು. ಇನ್ನು ನಷ್ಟ ನೋಡಿ: 40 ಗುಣಿಸು 40, ತಂತಿಗೆ 1600 ವಾಟ್, ಮೂರಕ್ಕೂ ಸೇರಿ 4800. ಐದು ಮೋಟರ್ ಓಡಿಸಲು ಆರನೆಯ ಮೋಟರಿನಷ್ಟು ವಿದ್ಯುತ್ತು ದಾರಿಯಲ್ಲೇ ಬಿಸಿಯಾಗಿ ಹೋಯಿತು. ಅದು ಕಳ್ಳತನವಲ್ಲ, ಆದರೂ ಲೆಕ್ಕದಲ್ಲಿ ರೈತರ ತಲೆಗೇ ಬರುತ್ತದೆ. 10 ಎಚ್‌ಪಿವರೆಗೆ ನೀರಾವರಿಗೆ ವಿದ್ಯುತ್ ಉಚಿತ, ಬಹಳಷ್ಟು ಪಂಪ್‌ಸೆಟ್ಟಿಗೆ ಮೀಟರಿಲ್ಲ. ಅಳೆಯದೆ ಇರುವ ಕಡೆ ಯಾರ ಮೇಲೆ ಯಾರು ಬೇಕಾದರೂ ಹೇಳಬಹುದು.

ಲೆಕ್ಕ ಹಾಕಿದರೆ ಬೇಡಿಕೆಯೇ ಬದಲಾಗುತ್ತದೆ. "ದೊಡ್ಡ ಟಿಸಿ ಕೊಡಿ" ಎಂದು ಧರಣಿ ಕೂರುತ್ತಾರೆ. 63 ಕೆವಿಎ ಕೊಟ್ಟರೂ ತಂತಿ ಅಷ್ಟೇ ಉದ್ದ, ಅಷ್ಟೇ ತೆಳುವಾಗಿದ್ದರೆ ತುದಿಯವರಿಗೆ ಅದೇ 345. ಸಣ್ಣ ಟಿಸಿಯನ್ನೇ ತೋಟದ ಹತ್ತಿರಕ್ಕೆ ತಂದು, ಅಲ್ಲಿವರೆಗೆ 11 ಸಾವಿರ ವೋಲ್ಟಿನ ಲೈನ್ ಎಳೆದರೆ ಅದೇ ಕೆಲಸಕ್ಕೆ ತಂತಿಯಲ್ಲಿ ಹರಿಯುವ ಕರೆಂಟ್ 26ರಲ್ಲಿ ಒಂದು ಪಾಲು. ಈ ಮಾತು ಧರಣಿಯ ಮನವಿ ಪತ್ರದಲ್ಲಿ ಇರಬೇಕಿತ್ತು. ನಾವು ಮೊದಲೇ ಬರೆದಿದ್ದರೆ ಇರುತ್ತಿತ್ತೇನೊ.

ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಕೇಳಲು ನಮಗೆ ಕ್ಲಾಸಿನಲ್ಲಿ ಕಲಿಸಿದರು. ಎಷ್ಟು ಎಂದು ಕೇಳಲು ವೈಂಡಿಂಗ್ ಅಂಗಡಿಗೇ ಹೋಗಬೇಕಾಯಿತು. ಆ ಅಂಗಡಿಯವರ ಬಳಿ ಟಾಂಗ್ ಟೆಸ್ಟರ್ ಇರುತ್ತದೆ. ಕರೆದರೆ ಬರುತ್ತಾರೆ, ಬದುವಿನ ಮೇಲೆ ನಿಂತು ಐದು ನಿಮಿಷದಲ್ಲಿ ಮೂರೂ ಫೇಸಿನ ರೀಡಿಂಗ್ ಹೇಳುತ್ತಾರೆ. ಲೈನಿಗೆ ನಾವು ಕೈ ಹಾಕುವುದು ಬೇಡ.

ಒಂದು ಅಳುಕು ಇದೆ. ಮೋಟರ್ ಎಣಿಸಲು ಹೊರಟರೆ ಅನುಮತಿ ಇಲ್ಲದವೂ ಸಿಗುತ್ತವೆ, 5 ಎಚ್‌ಪಿ ಎಂದು ಬರೆಸಿ ಏಳೂವರೆ ಇಳಿಸಿದವೂ ಸಿಗುತ್ತವೆ. ನೀರು ಆಳಕ್ಕೆ ಹೋದ ಮೇಲೆ ಪಾಪ ಅವರಾದರೂ ಏನು ಮಾಡಿಯಾರು. ಅದಕ್ಕೇ ನಮ್ಮೊಳಗೆ ಮಾತಾಡಿಕೊಂಡಿದ್ದೇವೆ: ಟಿಸಿ ಎಷ್ಟು ಕೆವಿಎ, ಒಟ್ಟು ಎಷ್ಟು ಆಂಪ್ಸ್, ತುದಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆಯುತ್ತೇವೆ. ಯಾರ ತೋಟದ ಮೋಟರ್ ಎಷ್ಟು ಎಳೆಯಿತು ಎಂಬುದನ್ನು ಬರೆಯುವುದಿಲ್ಲ.