ಅವ್ವನಿಗೆ ಮೂರನೆಯ ದಿನವೂ ಬೇಕು



ಮನೆಯ ಹೆಂಗಸು ಊರಿಗೆ ಹೊರಟರೆ ಕಾರಣ ಕೇಳುವುದು ನಮ್ಮಲ್ಲಿ ವಾಡಿಕೆ. ಬಾಣಂತನ, ಮದುವೆ, ಸಾವು, ಹರಕೆ - ಈ ನಾಲ್ಕರಲ್ಲಿ ಒಂದು ಇರಲೇಬೇಕು. ನಾಲ್ಕರಲ್ಲೂ ಅವಳು ಹೋಗುವುದು ಬೇರೆ ಯಾರಿಗಾಗಿಯೋ. ‘ಸುಮ್ಮನೆ ನಾಲ್ಕು ಊರು ನೋಡಿಕೊಂಡು ಬರುತ್ತೇನೆ’ ಎಂದು ಹೇಳಿ ಹೊರಟ ತಾಯಂದಿರು ನಮ್ಮ ಬೀದಿಗಳಲ್ಲಿ ಎಷ್ಟು ಮಂದಿ? ದುಡಿಯುವ ಮಗಳು ಹೆತ್ತ ತಾಯಿಯನ್ನು ಪ್ರವಾಸಕ್ಕೆ ಕರೆದೊಯ್ಯುವ ವಿಚಾರವನ್ನು ಈ ಸಲ ಚರ್ಚಿಸೋಣ. ಇದನ್ನು ಮೋಜಿನ ಮಾತೆಂದು ತಳ್ಳಿಹಾಕಬೇಡಿ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವ ನಮ್ಮ ಸದಸ್ಯೆಯರಿಗೆ ಈ ಸಂಗತಿ ಹೊಸದಲ್ಲ. ಕಂಪ್ಯೂಟರ್ ಕಂಪನಿಯಲ್ಲಿ ಒಳ್ಳೆಯ ಸಂಬಳ ತರುವ ಹೆಣ್ಣುಮಕ್ಕಳು ತಾಯಿಯನ್ನು ವಿದೇಶಕ್ಕೂ ಕರೆದೊಯ್ಯುತ್ತಾರೆ. ಅಮೆರಿಕದ ಮಯಾಮಿಯಂಥ ಬಂದರಿನಿಂದ ಹೊರಟು, ಕೆರಿಬಿಯನ್ ಸಮುದ್ರದ ದ್ವೀಪಗಳನ್ನು ಸುತ್ತಿಸಿ, ವಾರದ ನಂತರ ವಾಪಸು ತರುವ ಹಡಗುಗಳಿವೆ. ಅಡುಗೆ ಮಾಡಿ ಬಡಿಸುವುದು, ಹಾಸಿಗೆ ಹಾಸುವುದು, ಕೋಣೆ ಗುಡಿಸುವುದು ಎಲ್ಲವೂ ಹಡಗಿನವರದೇ ಕೆಲಸ. ನಮಗೆ ಆ ಹಡಗು ಎಟುಕುವುದಿಲ್ಲ. ಆದರೆ ನಮಗೆ ಕೆಂಪು ಬಸ್ಸು ಇದೆ.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಯಿತು. ರಾಜ್ಯದ ಗುರುತಿನ ಚೀಟಿ ಇರುವ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ಕರ್ನಾಟಕದ ಒಳಗೆ ಎಲ್ಲಿಗೆ ಹೋದರೂ ಟಿಕೆಟ್ಟಿಗೆ ಹಣವಿಲ್ಲ. 2025ರ ಜುಲೈ ವೇಳೆಗೆ ಈ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ಮೊದಲ ವಾರಗಳಲ್ಲಿ ಧರ್ಮಸ್ಥಳ, ಕುಕ್ಕೆಯ ಬಸ್ಸುಗಳು ತುಂಬಿ ತುಳುಕಿದಾಗ ಗಂಡಸರು ಎಷ್ಟು ನಗೆಚಾಟಿಕೆ ಮಾಡಿದರು! ‘ಹೆಂಗಸರೆಲ್ಲ ಊರು ಸುತ್ತಲು ಹೊರಟರು, ಮನೆಯಲ್ಲಿ ಬೇಯಿಸುವವರು ಯಾರು?’ ಎಂದರು. ಆ ನಗೆಯೊಳಗೆ ಒಂದು ನಿಜ ಇತ್ತು. ಅವರನ್ನು ಕಾಡಿದ್ದು ಟಿಕೆಟ್ಟಿನ ಹಣವಲ್ಲ, ಒಲೆಯ ಮುಂದೆ ಖಾಲಿಯಾದ ಜಾಗ.

ಬಸ್ಸೇನೋ ಸಿಕ್ಕಿತು. ಆದರೆ ನಾವು ಅದನ್ನು ಹೇಗೆ ಬಳಸುತ್ತಿದ್ದೇವೆ? ಪೀಣ್ಯದ ಗಾರ್ಮೆಂಟ್ಸ್ ಹುಡುಗಿ ಶನಿವಾರ ರಾತ್ರಿ ಜಾಲಹಳ್ಳಿ ಕ್ರಾಸಿನಲ್ಲಿ ತಾಯಿಯನ್ನು ಬಸ್ಸು ಹತ್ತಿಸುತ್ತಾಳೆ. ಶಿರಾಡಿ ಘಾಟಿಯಲ್ಲಿ ರಾತ್ರಿಯೆಲ್ಲ ಕುಲುಕಾಟ. ಭಾನುವಾರ ಬೆಳಿಗ್ಗೆ ಸ್ನಾನ, ಸಾಲು, ದರ್ಶನ, ಊಟ. ಅದೇ ರಾತ್ರಿ ಮತ್ತೆ ಬಸ್ಸು. ಸೋಮವಾರ ಬೆಳಿಗ್ಗೆ ಮಗಳು ಮಿಷನ್ ಮುಂದೆ, ತಾಯಿ ಒಲೆಯ ಮುಂದೆ. ಕಣ್ಣು ಕೆಂಪಾಗಿ, ಕಾಲು ಊದಿಕೊಂಡು ಬಂದ ತಾಯಿಗೆ ‘ಪ್ರವಾಸ ಮಾಡಿಸಿದೆ’ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಪುಣ್ಯ ಬಂದಿರಬಹುದು, ವಿಶ್ರಾಂತಿಯಂತೂ ಸಿಕ್ಕಿಲ್ಲ.

ತಾಯಿಯೊಡನೆ ಹೊರಗೆ ಉಳಿದು ಬಂದ ಯಾರನ್ನು ಬೇಕಾದರೂ ಕೇಳಿ ನೋಡಿ. ಮೊದಲ ದಿನ ಅವಳ ದೇಹ ಮಾತ್ರ ಬಂದಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೂರುತ್ತಾಳೆ. ಛತ್ರದ ಕೋಣೆಯ ಕಸ ತಾನೇ ಗುಡಿಸುತ್ತಾಳೆ. ಹೋಟೆಲಿನಲ್ಲಿ ದರ ಕೇಳಿ, ‘ಇಷ್ಟು ದುಡ್ಡಿಗೆ ಮನೆಯಲ್ಲಿ ಎಲ್ಲರೂ ಉಣ್ಣಬಹುದಿತ್ತು’ ಎಂದು ಅರ್ಧ ದೋಸೆ ಬಿಡುತ್ತಾಳೆ. ಎರಡನೆಯ ದಿನ ಚಡಪಡಿಕೆ. ‘ಅಪ್ಪ ಉಂಡರೋ ಇಲ್ಲವೋ, ಹಸುವಿಗೆ ಹುಲ್ಲು ಹಾಕಿದರೋ ಇಲ್ಲವೋ, ಸಾಕು ಹೋಗೋಣ’ ಎನ್ನುತ್ತಾಳೆ. ಹಡಗಿನಲ್ಲಿ ಕೂತ ತಾಯಿಗೂ ಮೊದಮೊದಲು ಬೇರೆಯವರು ಬಡಿಸಿದ್ದನ್ನು ಉಣ್ಣುವುದು ಕಷ್ಟವಾದೀತು. ಸುಮ್ಮನೆ ಕೂರಲು ಅವಳಿಗೆ ಯಾರೂ ಕಲಿಸಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯೇ ಹೇಳುವಂತೆ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ದುಡಿಮೆಗೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ದಿನಕ್ಕೆ ಐದು ಗಂಟೆಯ ಈ ಅಭ್ಯಾಸ ಒಂದು ರಾತ್ರಿಯಲ್ಲಿ ಬಿಟ್ಟುಹೋದೀತೇ?

ಮೂರನೆಯ ದಿನ ಅವಳು ಸ್ವಲ್ಪ ಸಡಿಲವಾಗುತ್ತಾಳೆ. ಬಿಸಿಲು ಬಂದ ಮೇಲೆ ಏಳುತ್ತಾಳೆ. ತನಗೇನು ತಿನ್ನಬೇಕು ಎಂದು ಹೇಳುತ್ತಾಳೆ. ಆಮೇಲೆ ಮಾತು ಶುರುವಾಗುತ್ತದೆ.

ಈ ಮಾತಿಗಾಗಿಯೇ ನಾನು ಮೂರು ದಿನ ಕೇಳುತ್ತಿರುವುದು. ತನ್ನ ಮದುವೆಗೆ ಎಷ್ಟು ವರದಕ್ಷಿಣೆ ಕೇಳಿದರು, ಯಾವ ಹೊಲ ಮಾರಿದರು, ತನ್ನ ಓಲೆ ಯಾವ ಅಂಗಡಿಯಲ್ಲಿ ಅಡವಿಗೆ ಹೋಗಿ ತಿರುಗಿ ಬರಲಿಲ್ಲ, ಯಾವ ರಾತ್ರಿ ಏಟು ತಿಂದು ಹಿತ್ತಿಲಲ್ಲಿ ಕೂತಿದ್ದಳು - ಇವನ್ನೆಲ್ಲ ತಾಯಿ ಮನೆಯ ಗೋಡೆಗಳ ನಡುವೆ ಹೇಳುವುದಿಲ್ಲ. ಮಗಳೂ ಹಾಗೆಯೇ. ಪಕ್ಕದಲ್ಲಿ ಗಂಡ ಕೂತಿರುವಾಗ ಫೋನಿನಲ್ಲಿ ‘ಚೆನ್ನಾಗಿದ್ದೇನೆ ಅವ್ವ’ ಎಂದೇ ಹೇಳುತ್ತಾಳೆ. ಹಬ್ಬಕ್ಕೆ ಬಂದರೆ ಮನೆ ತುಂಬ ಜನ. ‘ಹೊಂದಿಕೊಂಡು ಹೋಗು’ ಎಂದು ಹಿಂದಕ್ಕೆ ಕಳುಹಿಸಿದ ಮಗಳು ಹೆಣವಾಗಿ ಬಂದ ಮೇಲೆ, ‘ನನಗೆ ಒಂದು ಮಾತು ಹೇಳಲಿಲ್ಲವಲ್ಲ’ ಎಂದು ಎದೆ ಬಡಿದುಕೊಳ್ಳುವ ತಾಯಂದಿರನ್ನು ನಾವು ಕಂಡಿದ್ದೇವೆ. ಹೇಳಲು ಜಾಗ ಎಲ್ಲಿತ್ತು? ಕೇಳಲು ಬಿಡುವು ಎಲ್ಲಿತ್ತು? ಯಾರ ಕಿವಿಯೂ ಇಲ್ಲದ ಕಡೆ ತಾಯಿ ಮಗಳು ಮೂರು ದಿನ ಕೂತರೆ, ಎಷ್ಟೋ ವರ್ಷ ನುಂಗಿಕೊಂಡದ್ದು ಹೊರಗೆ ಬಂದೀತು. ಒಂದು ಜೀವ ಉಳಿದರೂ ಉಳಿದೀತು.

ಅಡ್ಡಿಗಳು ಇಲ್ಲವೆಂದಲ್ಲ. ಮೊದಲನೆಯದು ‘ಕಳುಹಿಸುವುದಿಲ್ಲ’ ಎನ್ನುವ ಗಂಡನ ಮನೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯ್ದೆಯಡಿ ದೂರು ಬರೆದುಕೊಳ್ಳುವ ನಮೂನೆಯಲ್ಲಿ ಹೊಡೆತ ಬಡಿತ ಮಾತ್ರವಲ್ಲ, ಮನೆಯಿಂದ ಹೊರಗೆ ಬಿಡದಿರುವುದು, ಒಬ್ಬರನ್ನು ಭೇಟಿಯಾಗದಂತೆ ತಡೆಯುವುದು, ಸಂಬಳ ಕಿತ್ತುಕೊಳ್ಳುವುದು ಕೂಡ ದೌರ್ಜನ್ಯದ ಪಟ್ಟಿಯಲ್ಲಿದೆ. ತವರಿನ ದಾರಿ ಮುಚ್ಚುವುದು ‘ಮನೆಯ ಪದ್ಧತಿ’ ಅಲ್ಲ. ಎರಡನೆಯದು, ‘ಮದುವೆಯಾದ ಮಗಳಿಗೆ ಹೆತ್ತವರ ಹೊಣೆ ಏಕೆ?’ ಎನ್ನುವ ಮಾತು. 1987ರಲ್ಲೇ ಸುಪ್ರೀಂ ಕೋರ್ಟು, ಸ್ವಂತ ಸಂಪಾದನೆ ಇರುವ ಮಗಳು ಮದುವೆಯಾಗಿದ್ದರೂ ಗತಿಯಿಲ್ಲದ ತಂದೆತಾಯಿಯನ್ನು ನೋಡಿಕೊಳ್ಳಬೇಕು ಎಂದು ತೀರ್ಪು ಕೊಟ್ಟಿದೆ. ನೋಡಿಕೊಳ್ಳುವ ಹೊಣೆ ಇದ್ದ ಮೇಲೆ ಅವರಿಗಾಗಿ ಖರ್ಚು ಮಾಡುವ ಹಕ್ಕೂ ಇರಬೇಕಲ್ಲವೇ?

ಮೂರನೆಯದು ರಜೆ. ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ ಎಂಬುದು 1948ರ ಕಾರ್ಖಾನೆ ಕಾಯ್ದೆಯಿಂದಲೂ ಬಂದಿರುವ ಲೆಕ್ಕ. ಸೂಪರ್‌ವೈಸರ್ ಮುಖ ಗಂಟು ಹಾಕುತ್ತಾನೆ, ಪ್ರೊಡಕ್ಷನ್ ಟಾರ್ಗೆಟ್ ತೋರಿಸುತ್ತಾನೆ. ಆದರೆ ಅದು ಅವನು ಕೊಡುವ ಭಿಕ್ಷೆಯಲ್ಲ. ಪಿ.ಎಫ್. ಹಣಕ್ಕೆ ಹೊಸ ಕಟ್ಟುಪಾಡು ತಂದಾಗ, 2016ರ ಏಪ್ರಿಲ್‌ನಲ್ಲಿ ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ಆದೇಶವನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು. ತಮ್ಮ ಹಣಕ್ಕಾಗಿ ಅಷ್ಟು ಮಾಡಿದವರು ಮೂರು ದಿನದ ರಜೆಯ ಚೀಟಿ ಬರೆಯಲು ಹೆದರಬೇಕೇ?

ನಾಲ್ಕನೆಯದು ಖರ್ಚು. ಇದು ಸಂಘದಿಂದ ಆಗುವ ಕೆಲಸ. ವಾರದ ಉಳಿತಾಯದ ಜೊತೆ ಹತ್ತು ರೂಪಾಯಿಯನ್ನು ‘ಅವ್ವನ ಪ್ರವಾಸ’ ಎಂದು ಬೇರೆ ಬರೆದಿಡಿ. ಇದಕ್ಕಾಗಿ ಬಡ್ಡಿಯ ಸಾಲ ಮಾತ್ರ ಬೇಡ. ಇಬ್ಬರು ಮೂವರು ಸದಸ್ಯೆಯರು ತಾಯಂದಿರೊಡನೆ ಕೂಡಿ ಹೊರಟರೆ ಕೋಣೆಯ ಬಾಡಿಗೆ ಹಂಚಿಹೋಗುತ್ತದೆ, ಧೈರ್ಯವೂ ಇರುತ್ತದೆ. ಅತ್ತೆಯೂ ಒಬ್ಬಳ ತಾಯಿ, ಅವಳ ಮಗಳು ಕರೆದರೆ ನೀವು ಅಡ್ಡ ಬರಬೇಡಿ. ಮನೆಯಲ್ಲಿ ಉಳಿದ ಗಂಡಸರು ಮೂರು ದಿನ ಅನ್ನ ಬೇಯಿಸಿಕೊಳ್ಳಲಿ, ಅಕ್ಕಿ ಡಬ್ಬಿ ಎಲ್ಲಿದೆ ಎಂದು ತಿಳಿಯುತ್ತದೆ.

ದೇವಸ್ಥಾನಕ್ಕೇ ಹೋಗಬೇಕೆಂದೂ ಇಲ್ಲ. ಬಯಲುಸೀಮೆಯ ಎಷ್ಟೋ ತಾಯಂದಿರು ಕಡಲು ನೋಡಿಲ್ಲ. ಮಂಗಳೂರಿನ ಪಣಂಬೂರಿನಲ್ಲಿ ಕಡಲತೀರ ಇದೆ, ಪಕ್ಕದಲ್ಲೇ ವಿದೇಶಿ ಪ್ರವಾಸಿ ಹಡಗುಗಳು ಬಂದು ನಿಲ್ಲುವ ಬಂದರು ಇದೆ. ಅಲ್ಲಿಯವರೆಗೂ ಸರ್ಕಾರಿ ಬಸ್ಸಿಗೆ ಆಧಾರ್ ಕಾರ್ಡು ಸಾಕು. ಮುಂದಿನ ವಾರದ ಸಭೆಯಲ್ಲಿ ಈ ವಿಷಯ ಎತ್ತಿ. ಎಲ್ಲಿಗೆ ಹೋಗಬೇಕು ಎಂದು ನೀವು ತೀರ್ಮಾನಿಸುವ ಮೊದಲು ಅವ್ವನನ್ನೇ ಕೇಳಿ. ‘ನಿನ್ನಿಷ್ಟ’ ಎಂದರೆ ಬಿಡಬೇಡಿ, ಇನ್ನೊಮ್ಮೆ ಕೇಳಿ.